ಸುಕ್ಕಿನ ಇಂಜೆಕ್ಷನ್: ಹಾಕಿಸಿಕೊಳ್ಳುವ ಮೊದಲು ಮತ್ತು ಆಮೇಲೆ

ಸುಕ್ಕು ತೆಗೆಯುವ ಇಂಜೆಕ್ಷನ್ ಎಂದೇ ಹೆಸರಾಗಿರುವ ಬೊಟ್ಯುಲಿನಮ್ ಟಾಕ್ಸಿನ್ (ಬೊಟಾಕ್ಸ್ ಇದರ ಒಂದು ಬ್ರ್ಯಾಂಡ್) ಮೊದಲು ಬಳಕೆಗೆ ಬಂದದ್ದು ಮುಖದ ಅಂದಕ್ಕಲ್ಲ, ಮೆಳ್ಳೆಗಣ್ಣಿಗೆ. ಸ್ಯಾನ್ ಫ್ರಾನ್ಸಿಸ್ಕೊದ ನೇತ್ರವೈದ್ಯ ಅಲನ್ ಸ್ಕಾಟ್ ಅವರು 1970ರ ದಶಕದಲ್ಲಿ ಇದನ್ನು ಮೊದಲು ಕೋತಿಗಳ ಮೇಲೂ ಅನಂತರ ರೋಗಿಗಳ ಮೇಲೂ ಪ್ರಯೋಗಿಸಿದರು. 1989ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟದ್ದು ಮೆಳ್ಳೆಗಣ್ಣಿಗೆ ಮತ್ತು ಕಣ್ಣುರೆಪ್ಪೆ ತಾನಾಗಿ ಬಿಗಿದು ಮುಚ್ಚಿಕೊಳ್ಳುವ ಕಾಯಿಲೆಗೆ. ವ್ಯಾಂಕೂವರಿನ ನೇತ್ರವೈದ್ಯೆ ಜೀನ್ ಕ್ಯಾರುಥರ್ಸ್ ಅವರು ರೆಪ್ಪೆಯ ಕಾಯಿಲೆಗೆ ಈ ಚುಚ್ಚುಮದ್ದು ಕೊಡುತ್ತಿದ್ದಾಗ ಹುಬ್ಬುಗಳ ನಡುವಿನ ಗೆರೆಗಳೂ ಮಾಸುವುದು ತಿಳಿದುಬಂತು. ಚರ್ಮವೈದ್ಯರಾದ ಪತಿ ಅಲಸ್ಟೇರ್ ಕ್ಯಾರುಥರ್ಸ್ ಅವರೊಂದಿಗೆ ಸೇರಿ ಅವರು ಅದನ್ನು 1992ರಲ್ಲಿ ಪ್ರಕಟಿಸಿದರು. ಸುಕ್ಕಿಗೆಂದು ಅಮೆರಿಕದಲ್ಲಿ ಅಧಿಕೃತ ಅನುಮತಿ ಸಿಕ್ಕಿದ್ದು 2002ರಲ್ಲಿ.

ಈ ಹಿನ್ನೆಲೆಯನ್ನು ಮೊದಲೇ ಹೇಳಲು ಕಾರಣವಿದೆ. ಫೇಶಿಯಲ್, ಬ್ಲೀಚುಗಳ ಸಾಲಿಗೆ ಸೇರಿಸಿ ನೋಡುವುದರಿಂದ ಇದು ವೈದ್ಯರೇ ಬರೆದುಕೊಡಬೇಕಾದ ಔಷಧ ಎಂಬುದು ಜನರಿಗೆ ಮರೆತುಹೋಗುತ್ತದೆ. ಇದರಿಂದ ನಿಜಕ್ಕೂ ಬದುಕು ಸುಧಾರಿಸಬಹುದಾದ ಎಷ್ಟೋ ರೋಗಿಗಳಿಗೆ ಇಂಥದೊಂದು ಚಿಕಿತ್ಸೆ ಇದೆಯೆಂಬುದೇ ತಿಳಿಯುವುದಿಲ್ಲ. ಈ ಲೇಖನ ಇಬ್ಬರಿಗೂ ಉದ್ದೇಶಿಸಿದ್ದು.

ಮೊದಲ ಹೆಜ್ಜೆ: ಔಷಧ ಏನು ಮಾಡುತ್ತದೆಂದು ತಿಳಿಯಿರಿ

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದಾಗ ಮಾಂಸಖಂಡ ಕುಗ್ಗುತ್ತದೆ. ಬೊಟ್ಯುಲಿನಮ್ ಟಾಕ್ಸಿನ್ ನರದ ತುದಿಯೊಳಗೆ ಹೊಕ್ಕು, ಆ ರಾಸಾಯನಿಕವನ್ನು ಹೊರಬಿಡಲು ಬೇಕಾದ ಪ್ರೋಟೀನನ್ನು ಕತ್ತರಿಸಿಬಿಡುತ್ತದೆ. ಆಗ ಅಪ್ಪಣೆ ತಲುಪದ ಮಾಂಸಖಂಡ ಸಡಿಲವಾಗಿಯೇ ಉಳಿಯುತ್ತದೆ. ಬೆವರುಗ್ರಂಥಿಗಳಿಗೂ ಜೊಲ್ಲುಗ್ರಂಥಿಗಳಿಗೂ ಅಪ್ಪಣೆ ಹೋಗುವುದು ಇದೇ ರಾಸಾಯನಿಕದ ಮೂಲಕವಾದ್ದರಿಂದ ಅಲ್ಲಿಯೂ ಈ ಔಷಧ ಕೆಲಸ ಮಾಡುತ್ತದೆ. ಪರಿಣಾಮ ಎರಡು ಮೂರು ದಿನಗಳಲ್ಲಿ ಕಾಣತೊಡಗಿ, ಒಂದೆರಡು ವಾರಗಳಲ್ಲಿ ಪೂರ್ಣವಾಗಿ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಉಳಿಯುತ್ತದೆ. ಆಮೇಲೆ ನರದ ತುದಿ ಚೇತರಿಸಿಕೊಂಡು ಎಲ್ಲವೂ ಮೊದಲಿನಂತಾಗುತ್ತದೆ. ಒಮ್ಮೆ ಹಾಕಿಸಿ ನಿಲ್ಲಿಸಿದರೆ ಸುಕ್ಕು ಮೊದಲಿಗಿಂತ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಹೆಸರಿನಲ್ಲೇ ಇರುವ ವಿಷ ಎಂಬ ಅರ್ಥಕ್ಕೆ ಅನೇಕರು ಹೆದರುತ್ತಾರೆ. ಕೆಟ್ಟ ಆಹಾರದ ಮೂಲಕ ಮೈಯ ಮಾಂಸಖಂಡಗಳನ್ನು ನಿಷ್ಕ್ರಿಯಗೊಳಿಸುವ ಕ್ಲಾಸ್ಟ್ರಿಡಿಯಮ್ ಬೊಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ ತಯಾರಿಸುವ ವಿಷವೇ ಇದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಸೀಸೆಯಲ್ಲಿರುವ ಪ್ರಮಾಣ ನ್ಯಾನೊಗ್ರಾಮ್ ಲೆಕ್ಕದ್ದು, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದ್ದು. ಇದನ್ನು ತೂಕದಲ್ಲಲ್ಲ, ಪರಿಣಾಮದ ಬಲವನ್ನು ಹೇಳುವ ಯೂನಿಟ್‌ಗಳಲ್ಲಿ ಅಳೆಯುತ್ತಾರೆ. ಅಳತೆಯೂ ಜಾಗವೂ ಸರಿಯಿದ್ದರೆ ಮದ್ದು, ತಪ್ಪಿದರೆ ಅಪಾಯ. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡನ್ನು ಸರಿಯಾಗಿಟ್ಟುಕೊಳ್ಳುವುದಕ್ಕಾಗಿಯೇ ಇವೆ.

ಎರಡನೆಯ ಹೆಜ್ಜೆ: ನಿಮ್ಮ ತೊಂದರೆ ಇದಕ್ಕೆ ಒಗ್ಗುತ್ತದೆಯೇ ನೋಡಿಕೊಳ್ಳಿ

ಸುಕ್ಕಿನ ವಿಷಯದಲ್ಲಿ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಮುಖವನ್ನು ಸಡಿಲವಾಗಿ ಬಿಡಿ, ಅನಂತರ ಹುಬ್ಬು ಗಂಟಿಕ್ಕಿ, ಹುಬ್ಬು ಮೇಲೆತ್ತಿ, ಕಣ್ಣು ಕಿರಿದಾಗುವಂತೆ ನಕ್ಕು ನೋಡಿ. ಮುಖ ಆಡಿಸಿದಾಗ ಮಾತ್ರ ಮೂಡುವ ಗೆರೆಗಳು ಮಾಂಸಖಂಡದಿಂದ ಬಂದವು, ಅವಕ್ಕೆ ಈ ಚುಚ್ಚುಮದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಮುಖ ಸುಮ್ಮನಿದ್ದಾಗಲೂ ಕೊರೆದಂತೆ ಉಳಿಯುವ ಗೆರೆಗಳು ಸ್ವಲ್ಪ ತಗ್ಗುತ್ತವೆ, ಪೂರ್ತಿ ಹೋಗುವುದಿಲ್ಲ. ಬಿಸಿಲಿನಿಂದ ಒರಟಾದ ಚರ್ಮ, ಕಪ್ಪು ಕಲೆ, ಜೋತುಬಿದ್ದ ಕೆನ್ನೆ ಇವಕ್ಕೆ ಇದು ಮದ್ದೇ ಅಲ್ಲ. ಕುಳಿಬಿದ್ದ ಜಾಗವನ್ನು ತುಂಬುವ ಫಿಲ್ಲರ್ ಬೇರೆಯ ವಸ್ತು, ಅದರ ಅಪಾಯಗಳೂ ಬೇರೆ. ಪಾರ್ಲರುಗಳಲ್ಲಿ ‘ಹೇರ್ ಬೊಟಾಕ್ಸ್’ ಎಂದು ಕೂದಲಿಗೆ ಹಚ್ಚುವುದರಲ್ಲಂತೂ ಈ ಔಷಧದ ಸುಳಿವೂ ಇಲ್ಲ, ಹೆಸರನ್ನು ಮಾತ್ರ ಎರವಲು ತಂದಿದ್ದಾರೆ.

ಹಣೆಯ ಗೆರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ವಯಸ್ಸಾದವರಲ್ಲಿ ರೆಪ್ಪೆಯ ಚರ್ಮ ಜೋತುಬಿದ್ದಾಗ ಅವರು ತಮಗರಿವಿಲ್ಲದೆಯೇ ಹುಬ್ಬನ್ನು ಮೇಲಕ್ಕೆಳೆದು ಹಿಡಿದು ನೋಡುತ್ತಿರುತ್ತಾರೆ, ಹಣೆಯ ಗೆರೆಗಳು ಆ ದುಡಿಮೆಯ ಗುರುತುಗಳೇ ಆಗಿರುತ್ತವೆ. ಅಂಥವರ ಹಣೆಯ ಮಾಂಸಖಂಡವನ್ನು ಸಡಿಲಿಸಿದರೆ ಗೆರೆ ಹೋಗುತ್ತದೆ, ಜೊತೆಗೆ ಹುಬ್ಬು ಕುಸಿದು ಕಣ್ಣಿನ ಮೇಲೆ ಭಾರ ಕೂತಂತಾಗುತ್ತದೆ. ಕಣ್ಣು ಮುಚ್ಚಿ, ಹಣೆಯನ್ನು ಸಡಿಲಬಿಟ್ಟು, ಹುಬ್ಬು ಏರಿಸದೆ ನಿಧಾನವಾಗಿ ಕಣ್ಣು ತೆರೆದಾಗ ನೋಟಕ್ಕೆ ರೆಪ್ಪೆ ಅಡ್ಡ ಬರುವಂತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಯಕ್ಷಗಾನ, ಭರತನಾಟ್ಯ, ರಂಗಭೂಮಿಯ ಕಲಾವಿದರಿಗೆ ಹುಬ್ಬು ಮತ್ತು ಹಣೆಯ ಚಲನೆಯೇ ಅಭಿನಯದ ಬಂಡವಾಳವಾದ್ದರಿಂದ, ಪ್ರದರ್ಶನಗಳ ಋತುವಿನಲ್ಲಿ ಈ ಪ್ರಯೋಗಕ್ಕೆ ಕೈಹಾಕದಿರುವುದೇ ಲೇಸು. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರಿಗೆ ‘ಸುಕ್ಕು ಬಾರದಂತೆ ಈಗಲೇ’ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲದ ಗೆರೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಹಣ ಸುರಿಯುವ ಬದಲು ಅವರು ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಬೀಡಿ ಸಿಗರೇಟಿನಿಂದ ದೂರವಿದ್ದರೆ ಚರ್ಮಕ್ಕೆ ಹೆಚ್ಚಿನ ಉಪಕಾರವಾಗುತ್ತದೆ.

ಇನ್ನು ವೈದ್ಯಕೀಯ ಕಾರಣಗಳು. ಇವನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ಜಾಹೀರಾತು ಇರುವುದು ಸುಕ್ಕಿಗೆ ಮಾತ್ರ.

ಕಣ್ಣು ಅದುರಿದರೆ ಎಡವೋ ಬಲವೋ ಎಂದು ಶಕುನ ನೋಡುವವರು ನಾವು. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ದಣಿದಾಗ ರೆಪ್ಪೆಯ ಅಂಚು ಕೆಲವು ದಿನ ಅದುರಿ ತಾನೇ ನಿಲ್ಲುವುದು ಸಹಜ, ಅದಕ್ಕೆ ಯಾವ ಇಂಜೆಕ್ಷನ್ನೂ ಬೇಡ. ಆದರೆ ಅದುರುವಿಕೆ ತಿಂಗಳುಗಟ್ಟಲೆ ಉಳಿದು, ಕಣ್ಣಿನಿಂದ ಅದೇ ಪಕ್ಕದ ಕೆನ್ನೆಗೂ ಬಾಯಿಯ ಕೊನೆಗೂ ಹಬ್ಬಿದರೆ ಅದು ಅರ್ಧಮುಖದ ಸೆಟೆತವಾಗಿರಬಹುದು. ಮಿದುಳಿನ ಬುಡದಲ್ಲಿ ರಕ್ತನಾಳವೊಂದು ಮುಖದ ನರವನ್ನು ಒತ್ತುವುದು ಅದಕ್ಕೆ ಸಾಮಾನ್ಯ ಕಾರಣ. ಎರಡೂ ಕಣ್ಣುಗಳು ತಾವಾಗಿ ಬಿಗಿಯಾಗಿ ಮುಚ್ಚಿಕೊಂಡು ರಸ್ತೆ ದಾಟಲೂ ಆಗದಂತಾಗುವುದು ಮತ್ತೊಂದು ಕಾಯಿಲೆ. ಕತ್ತು ಒಂದು ಪಕ್ಕಕ್ಕೆ ತಿರುಚಿಕೊಂಡು ನಿಲ್ಲುವ ಡಿಸ್ಟೋನಿಯಾವೂ ಇದೇ ಬಳಗದ್ದು. ಇಂಥವರನ್ನು ‘ನಾಟಕ ಮಾಡುತ್ತಾನೆ’, ‘ಗಾಳಿ ಸೋಕಿದೆ’ ಎಂದು ವರ್ಷಾನುಗಟ್ಟಲೆ ಅಲೆದಾಡಿಸಿರುವ ಮನೆಗಳಿವೆ. ಅವರು ಹೋಗಬೇಕಾದದ್ದು ನರರೋಗತಜ್ಞರ ಬಳಿಗೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನರರೋಗ ವಿಭಾಗವಿರುವ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ.

ಲಕ್ವ ಹೊಡೆದು ಕೆಲವು ತಿಂಗಳ ನಂತರ ಕೈ ಮುಷ್ಟಿಗಟ್ಟಿ, ಉಗುರು ಅಂಗೈಗೆ ನಾಟಿ, ಕೈ ತೊಳೆಯಲೂ ತೋಳಿಗೆ ಅಂಗಿ ಹಾಕಲೂ ಮನೆಯವರು ಹೆಣಗುವಂಥ ಸ್ಥಿತಿ ಬರುತ್ತದೆ. ಆ ಬಿಗಿತವನ್ನು ಈ ಔಷಧ ಸಡಿಲಿಸಬಲ್ಲದು. ಹೋದ ಶಕ್ತಿಯನ್ನು ಮಾತ್ರ ಇದು ಮರಳಿಸಲಾರದು. ಸಡಿಲಾದ ಆ ಎರಡು ಮೂರು ತಿಂಗಳಲ್ಲಿ ಫಿಸಿಯೋಥೆರಪಿ ಬಿಡದೆ ಮಾಡಿಸಬೇಕು. ಇಲ್ಲದಿದ್ದರೆ ಹಾಕಿಸಿದ ಮದ್ದು ಬಹುಪಾಲು ವ್ಯರ್ಥ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗಾದ ಹಾನಿಯಿಂದ ಬರುವ ಚಲನೆಯ ತೊಂದರೆ) ಇದ್ದು ತುದಿಗಾಲಲ್ಲಿ ನಡೆಯುವ ಮಕ್ಕಳಿಗೂ ಇದೇ ನಿಯಮ. ಅಲ್ಲಿ ಪ್ರಮಾಣವನ್ನು ಮಗುವಿನ ತೂಕ ನೋಡಿ ನಿರ್ಧರಿಸುತ್ತಾರೆ.

ತಲೆನೋವಿನ ಎಲ್ಲ ಬಗೆಗಳಿಗೂ ಇದು ಅಲ್ಲ. ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ ತಲೆನೋವು ಕಾಡುವ, ಒಂದೊಂದು ಸಲ ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಇರುವ ದೀರ್ಘಕಾಲದ ಮೈಗ್ರೇನಿಗೆ ಮಾತ್ರ ಅನುಮತಿಯಿದೆ. ಅದಕ್ಕಿಂತ ಕಡಿಮೆ ದಿನ ಬರುವ ಅರೆತಲೆನೋವಿಗೆ ಪ್ರಯೋಜನ ಸಾಬೀತಾಗಿಲ್ಲ. ತಲೆ ಮತ್ತು ಕತ್ತಿನ 31 ಜಾಗಗಳಲ್ಲಿ ಒಟ್ಟು 155 ಯೂನಿಟ್ ಬೊಟಾಕ್ಸ್, 12 ವಾರಗಳಿಗೊಮ್ಮೆ ಎಂಬುದು ನಿಗದಿಯಾದ ಕ್ರಮ. ಹೋಗುವ ಮೊದಲು ಎರಡು ಮೂರು ತಿಂಗಳು, ನೋವು ಯಾವ ದಿನ ಬಂತು, ಎಷ್ಟು ಹೊತ್ತಿತ್ತು, ಯಾವ ಗುಳಿಗೆ ನುಂಗಿದಿರಿ ಎಂಬುದನ್ನು ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಳ್ಳಿ. ವೈದ್ಯರಿಗೆ ನಿಮ್ಮ ನೆನಪಿಗಿಂತ ಆ ಕ್ಯಾಲೆಂಡರ್ ಹೆಚ್ಚು ಹೇಳುತ್ತದೆ.

ಅತಿಯಾಗಿ ಬೆವರುವ ಕಂಕುಳಿಗೆ ಒಂದೊಂದು ಕಡೆ 50 ಯೂನಿಟ್ ಬೊಟಾಕ್ಸ್ ಕೊಡುತ್ತಾರೆ, ಹಲವರಿಗೆ ಆರು ತಿಂಗಳ ನೆಮ್ಮದಿ ಸಿಗುತ್ತದೆ. ಆದರೆ ಮೊದಲು ಅಲ್ಯೂಮಿನಿಯಂ ಕ್ಲೋರೈಡ್ ಇರುವ ಲೇಪವನ್ನು ಪ್ರಯತ್ನಿಸಬೇಕು, ಥೈರಾಯ್ಡ್‌ನಂಥ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಂಗೈಗೆ ಹಾಕಿದರೆ ನೋವು ಹೆಚ್ಚು, ಹಿಡಿತ ಕೆಲವು ವಾರ ಸಡಿಲವಾಗಬಹುದು. ಟೈಪಿಂಗ್, ಹೊಲಿಗೆ, ವೀಣೆಯಂಥ ಕೆಲಸದವರು ಇದನ್ನು ಯೋಚಿಸಿ ನಿರ್ಧರಿಸಬೇಕು. ಮಾತ್ರೆಗೆ ಬಗ್ಗದ ಮೂತ್ರದ ಅವಸರಕ್ಕೆ ಯೂರಾಲಜಿಸ್ಟ್‌ಗಳು ಮೂತ್ರಕೋಶದೊಳಗೇ ಕೊಡುವ ಚಿಕಿತ್ಸೆಯೂ ಇದೆ. ಅದನ್ನು ಒಪ್ಪುವ ಮೊದಲು, ಕೆಲವರಿಗೆ ಕೆಲ ಕಾಲ ಮೂತ್ರ ಕಟ್ಟಿ ನಳಿಕೆ ಹಾಕಿಕೊಳ್ಳಬೇಕಾಗಬಹುದು ಎಂಬುದು ತಿಳಿದಿರಲಿ.

ಮೂರನೆಯ ಹೆಜ್ಜೆ: ಹಾಕಿಸಿಕೊಳ್ಳಬಾರದವರ ಪಟ್ಟಿಯಲ್ಲಿ ನೀವಿದ್ದೀರಾ?

ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು ಸೌಂದರ್ಯದ ಕಾರಣಕ್ಕೆ ಇದನ್ನು ಹಾಕಿಸಿಕೊಳ್ಳಬಾರದು. ಚುಚ್ಚುವ ಜಾಗದಲ್ಲಿ ಕೀವು, ಸೋಂಕು ಇದ್ದರೆ, ಹಿಂದೆ ಈ ಔಷಧಕ್ಕೆ ಅಲರ್ಜಿ ಆಗಿದ್ದರೆ ಬೇಡ. ಡಿಸ್ಪೋರ್ಟ್ ಎಂಬ ಬ್ರ್ಯಾಂಡಿನಲ್ಲಿ ಹಸುವಿನ ಹಾಲಿನ ಪ್ರೋಟೀನಿನ ಅಂಶ ಇರಬಹುದಾದ್ದರಿಂದ ಹಾಲಿನ ಪ್ರೋಟೀನಿನ ಅಲರ್ಜಿ ಇರುವವರಿಗೆ ಅದು ನಿಷಿದ್ಧ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಅಲರ್ಜಿಯಲ್ಲ, ಎರಡನ್ನೂ ಬೆರೆಸಬೇಡಿ. ಮಯಾಸ್ತೇನಿಯಾ ಗ್ರೇವಿಸ್‌ನಂಥ ನರ ಮತ್ತು ಮಾಂಸಖಂಡಗಳ ಕಾಯಿಲೆ ಇರುವವರು ಅದನ್ನು ತಪ್ಪದೆ ತಿಳಿಸಬೇಕು, ಅವರಲ್ಲಿ ಸಣ್ಣ ಪ್ರಮಾಣವೂ ನುಂಗಲು, ಉಸಿರಾಡಲು ಕಷ್ಟ ತರಬಹುದು. ಜೆಂಟಾಮೈಸಿನ್, ಅಮಿಕಾಸಿನ್‌ಗಳ ಗುಂಪಿನ ಆಂಟಿಬಯಾಟಿಕ್ ಚುಚ್ಚುಮದ್ದು ನಡೆಯುತ್ತಿದ್ದರೆ ಅದನ್ನೂ ಹೇಳಿ, ಅವು ಈ ಔಷಧದ ಪರಿಣಾಮವನ್ನು ಹೆಚ್ಚಿಸುತ್ತವೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಚುಚ್ಚಿದ ಜಾಗ ನೀಲಿಗಟ್ಟುವುದು ಹೆಚ್ಚು. ಆದರೆ ಹೃದಯಕ್ಕೆಂದು, ಸ್ಟೆಂಟ್‌ಗೆಂದು ಕೊಟ್ಟ ಮಾತ್ರೆಯನ್ನು ಸುಕ್ಕಿಗಾಗಿ ನೀವೇ ನಿಲ್ಲಿಸಕೂಡದು. ನೀಲಿ ಕಲೆ ವಾರದಲ್ಲಿ ಮಾಸುತ್ತದೆ, ಸ್ಟೆಂಟ್ ಮುಚ್ಚಿಕೊಂಡರೆ ಜೀವಕ್ಕೇ ಅಪಾಯ.

ನಾಲ್ಕನೆಯ ಹೆಜ್ಜೆ: ವೈದ್ಯರು, ಜಾಗ, ಸೀಸೆ

ಸುಕ್ಕಿಗೆ ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಅಥವಾ ಪ್ಲಾಸ್ಟಿಕ್ ಸರ್ಜನ್ನರು ಸೂಕ್ತರು. ಸೆಟೆತ, ಮೈಗ್ರೇನುಗಳಿಗೆ ನರರೋಗತಜ್ಞರು, ಮೆಳ್ಳೆಗಣ್ಣಿಗೆ ನೇತ್ರತಜ್ಞರು. ‘ಕಾಸ್ಮೆಟಾಲಜಿಸ್ಟ್’ ಎಂಬ ಫಲಕದ ಹಿಂದೆ ಯಾವ ಪದವಿ ಇದೆಯೆಂದು ನಾಚದೆ ಕೇಳಿ. ವೈದ್ಯರು ಬರೆದುಕೊಡುವ ಚೀಟಿಯಲ್ಲಿ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಾಯಿಸಿಕೊಂಡು, ಆ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. ಹೋಟೆಲಿನ ಕೋಣೆಯಲ್ಲಿ, ಗೆಳತಿಯರ ಕೂಟದಲ್ಲಿ, ಪಾರ್ಲರಿನ ಹಿಂಬದಿಯಲ್ಲಿ ಯಾರು ಹಾಕುತ್ತೇನೆಂದರೂ ಒಪ್ಪಬೇಡಿ. ಅಲರ್ಜಿಯ ಆಘಾತವಾದರೆ ಅಲ್ಲಿ ಜೀವ ಉಳಿಸುವ ಅಡ್ರಿನಾಲಿನ್ ಚುಚ್ಚುಮದ್ದು ಇರುವುದಿಲ್ಲ, ಕೊಡಬಲ್ಲವರೂ ಇರುವುದಿಲ್ಲ.

ಸೀಸೆಯನ್ನು ನಿಮ್ಮೆದುರಿಗೇ ತೋರಿಸಲು ಹೇಳುವುದು ನಿಮ್ಮ ಹಕ್ಕು. ಬ್ರ್ಯಾಂಡಿನ ಹೆಸರು, ಬ್ಯಾಚ್ ಸಂಖ್ಯೆ, ಮುಗಿಯುವ ದಿನಾಂಕ ನೋಡಿ, ಫೋಟೊ ತೆಗೆದುಕೊಳ್ಳಿ. ಬೊಟಾಕ್ಸ್ ತೆರೆಯುವ ಮೊದಲು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಆದ್ದರಿಂದ ಮೇಜಿನ ಡ್ರಾಯರಿನಿಂದ ಹೊರಬಂದ ಸೀಸೆಗೆ ಬೇಡವೆನ್ನಿ. 2024ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ನಕಲಿ ಬೊಟಾಕ್ಸ್ ಹಾಕಿಸಿಕೊಂಡು ಜನ ಆಸ್ಪತ್ರೆ ಸೇರಿದ್ದರಿಂದ ಅಲ್ಲಿನ ಆರೋಗ್ಯ ಇಲಾಖೆಗಳು ಎಚ್ಚರಿಕೆ ಹೊರಡಿಸಬೇಕಾಯಿತು. ಅಷ್ಟು ಬಿಗಿ ನಿಯಂತ್ರಣವಿರುವ ಕಡೆಯೇ ಹೀಗಾದರೆ, ಆನ್‌ಲೈನಿನಲ್ಲಿ ತರಿಸಿದ ಸೀಸೆಯನ್ನು ನಂಬುವುದು ಹೇಗೆ?

ಯೂನಿಟ್ ಲೆಕ್ಕವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. ಪುಡಿಯ ರೂಪದಲ್ಲಿರುವ ಔಷಧವನ್ನು ವೈದ್ಯರು ಸಲೈನಿನಲ್ಲಿ ಕರಗಿಸುತ್ತಾರೆ. 100 ಯೂನಿಟ್ ಬೊಟಾಕ್ಸ್ ಸೀಸೆಗೆ 2.5 ಮಿಲಿ ಸಲೈನ್ ಸೇರಿಸಿದರೆ 0.1 ಮಿಲಿಯಲ್ಲಿ 4 ಯೂನಿಟ್ ಬರುತ್ತದೆ. ಹುಬ್ಬುಗಳ ನಡುವಿನ ಐದು ಜಾಗಗಳಿಗೆ ಅಷ್ಟಷ್ಟು ಕೊಟ್ಟರೆ ನಿಗದಿತ 20 ಯೂನಿಟ್ ಆಯಿತು. ಸಲೈನನ್ನು ಇಮ್ಮಡಿ ಸೇರಿಸಿ ಅದೇ ಐದು ಚುಚ್ಚು ಚುಚ್ಚಿದರೆ ನಿಮಗೆ ಸಿಕ್ಕಿದ್ದು ಹತ್ತೇ ಯೂನಿಟ್. ಹೀಗಾಗಿ ‘ಎಷ್ಟು ಇಂಜೆಕ್ಷನ್’ ಎಂಬ ಪ್ರಶ್ನೆಗೆ ಅರ್ಥವಿಲ್ಲ, ‘ಯಾವ ಬ್ರ್ಯಾಂಡ್, ಎಷ್ಟು ಯೂನಿಟ್’ ಎಂದು ಕೇಳಬೇಕು. ಒಂದು ಬ್ರ್ಯಾಂಡಿನ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮವೂ ಅಲ್ಲ: ಅದೇ ಹುಬ್ಬಿನ ಗೆರೆಗೆ ಬೊಟಾಕ್ಸ್ 20 ಯೂನಿಟ್ ಆದರೆ ಡಿಸ್ಪೋರ್ಟ್ 50 ಯೂನಿಟ್. ಎರಡು ಕ್ಲಿನಿಕ್ಕುಗಳ ‘ಯೂನಿಟ್‌ಗೆ ಇಷ್ಟು ರೂಪಾಯಿ’ ಎಂಬ ದರಗಳನ್ನು ಬ್ರ್ಯಾಂಡ್ ತಿಳಿಯದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಆರೋಗ್ಯ ವಿಮೆ ಸೌಂದರ್ಯ ಚಿಕಿತ್ಸೆಯ ಖರ್ಚು ಕೊಡುವುದಿಲ್ಲ. ಲಕ್ವದ ಬಿಗಿತ, ಡಿಸ್ಟೋನಿಯಾಗಳಿಗಾದರೆ ರೋಗದ ಹೆಸರು ಸ್ಪಷ್ಟವಾಗಿ ಬರೆದ ಪತ್ರವನ್ನು ವೈದ್ಯರಿಂದ ಪಡೆದು ವಿಮಾ ಕಂಪನಿಯನ್ನು ಮೊದಲೇ ವಿಚಾರಿಸಿ.

ಐದನೆಯ ಹೆಜ್ಜೆ: ದಿನ ಗೊತ್ತುಮಾಡುವುದು

ಮನೆಯಲ್ಲಿ ಮದುವೆಯಿದ್ದರೆ ಮೊದಲ ಬಾರಿ ಹಾಕಿಸಿಕೊಳ್ಳುವವರು ಮುಹೂರ್ತಕ್ಕೆ ಕನಿಷ್ಠ ಆರು ವಾರ ಮುಂಚೆ ಹೋಗಬೇಕು. ಪೂರ್ಣ ಪರಿಣಾಮಕ್ಕೆ ಎರಡು ವಾರ, ಕೊರತೆಯಿದ್ದರೆ ತುಂಬಿಸಲು ಮತ್ತೆರಡು ವಾರ ಬೇಕು, ಏನಾದರೂ ಏರುಪೇರಾದರೆ ಸುಧಾರಿಸಲು ಉಳಿದ ದಿನಗಳಿರುತ್ತವೆ. ಚಪ್ಪರ ಹಾಕುವ ವಾರದಲ್ಲಿ ಹೋಗಿ ಹಾಕಿಸಿಕೊಂಡವರ ಮುಖದ ನೀಲಿ ಕಲೆ ಫೋಟೊಗಳಲ್ಲಿ ಉಳಿಯುತ್ತದೆ. ಚುಚ್ಚುವ ಮುನ್ನ ಮುಖದ ಮೇಕಪ್ ತೆಗೆದು, ಸುಮ್ಮನಿದ್ದಾಗಲೂ ಮುಖ ಆಡಿಸಿದಾಗಲೂ ಫೋಟೊ ತೆಗೆಸಿಕೊಳ್ಳಿ. ಮೊದಲೇ ಒಂದು ಹುಬ್ಬು ಎತ್ತರವಿದ್ದದ್ದು ಆಮೇಲೆ ಕಣ್ಣಿಗೆ ಬಿದ್ದು ತಕರಾರಾಗುವುದು ಅಪರೂಪವಲ್ಲ. ಚುಚ್ಚುವ ಕೆಲಸ ಹತ್ತು ನಿಮಿಷದ್ದು, ಸೂಜಿ ಕೂದಲೆಳೆಯಷ್ಟು ಸಣ್ಣ, ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಆರನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಮುಖಕ್ಕೆ ಹಾಕಿಸಿಕೊಂಡವರು ಮೊದಲ ನಾಲ್ಕು ಗಂಟೆ ಮಲಗಬೇಡಿ, ಆ ಜಾಗವನ್ನು ಉಜ್ಜಬೇಡಿ. ಆ ದಿನ ಶೀರ್ಷಾಸನ, ಜಿಮ್, ಬಿಸಿನೀರಿನ ಎಣ್ಣೆಸ್ನಾನ, ತಲೆಗೆ ಎಣ್ಣೆ ತಟ್ಟಿಸಿಕೊಳ್ಳುವುದು, ಹಣೆಗೆ ಬಿಗಿಯಾಗಿ ಒತ್ತುವ ಹೆಲ್ಮೆಟ್ಟಿನಲ್ಲಿ ದೂರದ ಪ್ರಯಾಣ ಇವು ಬೇಡ. ಹತ್ತಿರದ ಮನೆಗಾದರೂ ಹೆಲ್ಮೆಟ್ ಬಿಟ್ಟು ಬೈಕ್ ಓಡಿಸುವ ಬದಲು ಆಟೋದಲ್ಲಿ ಹೋಗಿ. ಈ ನಿಯಮಗಳಲ್ಲಿ ಕೆಲವು ಬಲವಾದ ಸಂಶೋಧನೆಗಿಂತ ವಾಡಿಕೆಯ ಮೇಲೆ ನಿಂತಿವೆ, ಆದರೂ ಒಂದು ದಿನದ ಸಂಯಮದಿಂದ ಕಳೆದುಕೊಳ್ಳುವುದೇನೂ ಇಲ್ಲ. ಮುಖದ ಮಸಾಜು, ಫೇಶಿಯಲ್ಲುಗಳನ್ನು ಎರಡು ವಾರ ಮುಂದೂಡಿ.

ಸಣ್ಣ ತಲೆನೋವು, ಚುಚ್ಚಿದ ಕಡೆ ಬಾವು, ನೀಲಿಗಟ್ಟುವುದು ಕೆಲವು ದಿನಗಳಲ್ಲಿ ಹೋಗುತ್ತವೆ. ಔಷಧ ರೆಪ್ಪೆಯನ್ನೆತ್ತುವ ಮಾಂಸಖಂಡಕ್ಕೆ ಹರಿದರೆ ಒಂದು ರೆಪ್ಪೆ ಜೋತುಬೀಳಬಹುದು. ಅದು ಗಾಬರಿ ಹುಟ್ಟಿಸುತ್ತದೆ, ಆದರೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಅಷ್ಟರವರೆಗೆ ರೆಪ್ಪೆ ತುಸು ಮೇಲೇಳಲು ಕಣ್ಣಿಗೆ ಬಿಡುವ ಹನಿಯನ್ನು ವೈದ್ಯರು ಕೊಡಬಲ್ಲರು.

ನುಂಗಲು ಕಷ್ಟ, ಮಾತು ತೊದಲುವುದು, ವಸ್ತುಗಳು ಎರಡೆರಡಾಗಿ ಕಾಣುವುದು, ಇಡೀ ಮೈಯಲ್ಲಿ ನಿತ್ರಾಣ, ಉಸಿರು ಸಿಕ್ಕಿಕೊಳ್ಳುವುದು ಇವು ಬೇರೆಯದೇ ಮಾತು. ಔಷಧ ಚುಚ್ಚಿದ ಜಾಗದಿಂದ ದೂರಕ್ಕೆ ಹರಡಿದ ಲಕ್ಷಣಗಳಿವು, ಕೆಲವೇ ಗಂಟೆಗಳಲ್ಲೂ ಬರಬಹುದು, ಕೆಲವು ವಾರಗಳ ನಂತರವೂ ಬರಬಹುದು. ಕ್ಲಿನಿಕ್ಕಿಗೆ ಫೋನು ಮಾಡಿ ಉತ್ತರಕ್ಕೆ ಕಾಯದೆ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ, ಇಂಥ ದಿನ ಇಂಥ ಇಂಜೆಕ್ಷನ್ ಹಾಕಿಸಿಕೊಂಡಿದ್ದೇನೆಂದು ಮುಚ್ಚಿಡದೆ ಹೇಳಿ. ಮನೆಯವರಿಗೆ ತಿಳಿಯದಂತೆ ಸುಕ್ಕಿಗೆ ಹಾಕಿಸಿಕೊಂಡವರು ಕೂಡ, ಒಬ್ಬರಿಗಾದರೂ ಹೇಳಿರಲೇಬೇಕೆಂದು ಬೇಡಿಕೊಳ್ಳುತ್ತೇನೆ.

ಎರಡು ವಾರಕ್ಕೆ ಮರುಭೇಟಿ ಮಾಡಿ. ಪರಿಣಾಮ ಬೇಗ ಇಳಿದಂತೆ ಅನಿಸಿದರೂ ಮೂರು ತಿಂಗಳೊಳಗೆ ಮತ್ತೆ ಪೂರ್ಣ ಪ್ರಮಾಣ ಹಾಕಿಸಬೇಡಿ, ಪದೇ ಪದೇ ಹತ್ತಿರಹತ್ತಿರ ಕೊಟ್ಟರೆ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡು ಔಷಧವೇ ನಾಟದಂತಾಗಬಹುದು. ನಾಳೆ ಲಕ್ವದ ಬಿಗಿತಕ್ಕೋ ಮೈಗ್ರೇನಿಗೋ ಇದೇ ಔಷಧ ಬೇಕಾದೀತೆಂಬುದನ್ನು ನೆನೆದಾದರೂ ಈ ಅಂತರವನ್ನು ಕಾಯಬೇಕು. ಮೊದಲ ಭೇಟಿಯಿಂದಲೇ ಒಂದು ಪುಟ್ಟ ಪುಸ್ತಕ ಇಟ್ಟು ದಿನಾಂಕ, ಬ್ರ್ಯಾಂಡ್, ಬ್ಯಾಚ್ ಸಂಖ್ಯೆ, ಯಾವ ಜಾಗಕ್ಕೆ ಎಷ್ಟು ಯೂನಿಟ್, ಎಷ್ಟನೆಯ ದಿನ ಪರಿಣಾಮ ಕಂಡಿತು, ಎಷ್ಟನೆಯ ವಾರ ಇಳಿಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಬೇರೆ ಊರಿನ ಬೇರೆ ವೈದ್ಯರ ಬಳಿಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.